ತೂತು ಕೊರೆಯುವ ಮೊದಲು ತೂಕ ನೋಡಿ

ಪ್ರಶ್ನೆ: ನಾವು ಫ್ಲಾರಿಡಾದಲ್ಲಿರುವವರು. ಮದುವೆಯಾಗಿ ಹತ್ತು ವರ್ಷ ತುಂಬಿದಾಗ ನಮ್ಮೆಜಮಾನರು ಕೀ ವೆಸ್ಟ್‌ನಿಂದ ಬೆಳ್ಳಿ ನಾಣ್ಯದ ಪದಕವೊಂದನ್ನು ತಂದುಕೊಟ್ಟರು. ಅಂಕುಡೊಂಕಾಗಿದೆ, ಒಂದು ಕಡೆ ಶಿಲುಬೆ, ಸುತ್ತ ಚಿನ್ನದ ಕಟ್ಟು. ಜೊತೆಗಿರುವ ಪತ್ರದಲ್ಲಿ ‘ಅಟೋಚಾ ಹಡಗಿನಿಂದ ತೆಗೆದ ಬೆಳ್ಳಿಯಲ್ಲಿ ಅಚ್ಚು ಹಾಕಿದ್ದು’ ಎಂದಿದೆ. ಹೋದ ವರ್ಷ ಇಲ್ಲೊಬ್ಬ ಅಜ್ಜಿ ತೀರಿಕೊಂಡ ಮೇಲೆ ಅವರ ಮನೆ ಸಾಮಾನು ಮಾರುತ್ತಿದ್ದಾಗ, ಗುಂಡಿಗಳ ಡಬ್ಬಿಯ ತಳದಲ್ಲಿ ನನಗೆ ಇನ್ನೊಂದು ನಾಣ್ಯ ಸಿಕ್ಕಿತು. ದುಂಡಗೆ, ಕಪ್ಪಗೆ ಇದೆ. ಮೇಲೆ ರಾಜನ ಮುಖ, 1783 ಎಂಬ ಇಸವಿ. ಮಸಾಲೆ ತೂಗುವ ಪುಟ್ಟ ತಕ್ಕಡಿಯಲ್ಲಿ 26.8 ಗ್ರಾಂ ಬಂತು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಬರುತ್ತಿದ್ದೇವೆ. ಎರಡನ್ನೂ ಸೇರಿಸಿ ಕಾಸಿನ ಸರದ ಥರ ಏನಾದರೂ ಮಾಡಿಸೋಣವೆಂದು ಆಸೆ. ದುಂಡನೆಯದಕ್ಕೆ ತೂತು ಕೊರೆಸಿ ಕೊಂಡಿ ಹಾಕಿಸಬಹುದೇ? ಕಪ್ಪು ಬೆಳ್ಳಿ ಮೈಮೇಲೆ ಹಾಕಬಾರದು, ವಿಭೂತಿ ಹಚ್ಚಿ ಉಜ್ಜು ಎನ್ನುತ್ತಾರೆ ನಮ್ಮತ್ತೆ. ಅಷ್ಟಕ್ಕೂ ಅದು ಅಸಲಿಯೇ? ಎರಡರ ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮೊದಲು ನಿಮ್ಮ ಕೈ ತಡೆಯುವ ಮಾತು ಹೇಳಿಬಿಡುತ್ತೇನೆ. ದುಂಡನೆಯದಕ್ಕೆ ತೂತು ಬೇಡ, ಬೆಸುಗೆ ಬೇಡ, ವಿಭೂತಿಯಂತೂ ಬೇಡವೇ ಬೇಡ. ಅಂಕುಡೊಂಕಿನದನ್ನು ನಿಮಗೆ ಹೇಗೆ ಬೇಕೋ ಹಾಗೆ ಮಾಡಿಸಿಕೊಳ್ಳಿ. ನೀವು ಅಂದುಕೊಂಡದ್ದಕ್ಕೆ ಇದು ತಿರುಗಾಮುರುಗಾ ಅನ್ನಿಸಬಹುದು. ಆದರೆ ಚಿನ್ನದ ಕಟ್ಟಿನೊಳಗೆ ಮೆರೆಯುತ್ತಿರುವುದು ನಮ್ಮ ಕಾಲದ್ದು, ಗುಂಡಿ ಡಬ್ಬಿಯ ತಳದಲ್ಲಿ ಬಿದ್ದಿದ್ದದ್ದು ಇನ್ನೂರ ನಲವತ್ತು ವರ್ಷ ಹಳೆಯದು.

ನಿಮ್ಮ ಯಜಮಾನರನ್ನು ಬೈಯಬೇಡಿ, ಅವರು ಮೋಸ ಹೋಗಿಲ್ಲ. ಪತ್ರವನ್ನು ಇನ್ನೊಮ್ಮೆ ಓದಿ: ‘ಹಡಗಿನಿಂದ ತೆಗೆದ ಬೆಳ್ಳಿಯಲ್ಲಿ ಅಚ್ಚು ಹಾಕಿದ್ದು’. ‘ಹಡಗಿನಿಂದ ತೆಗೆದ ನಾಣ್ಯ’ ಎಂದು ಎಲ್ಲಿಯೂ ಇಲ್ಲ. ಈ ಎರಡು ಮಾತಿನ ನಡುವೆ ಇರುವುದೇ ಈ ವ್ಯಾಪಾರದ ಇಡೀ ಗುಟ್ಟು. ನ್ಯೂಯೆಸ್ತ್ರಾ ಸೆನ್ಯೋರಾ ದೆ ಅಟೋಚಾ ಎಂಬ ಸ್ಪೇನಿನ ಹಡಗು 1622ರ ಸೆಪ್ಟೆಂಬರ್ 6ರಂದು ಚಂಡಮಾರುತಕ್ಕೆ ಸಿಕ್ಕಿ ಫ್ಲಾರಿಡಾ ಕೀಸ್ ಎಂಬ ದ್ವೀಪಗಳ ಬಳಿ ಮುಳುಗಿತು. ಹಡಗಿನಲ್ಲಿದ್ದ 265 ಜನರಲ್ಲಿ ಬದುಕಿದ್ದು ಐವರು. ಮೆಲ್ ಫಿಶರ್ ಎಂಬಾತ ಅದನ್ನು ಹದಿನಾರು ವರ್ಷ ಹುಡುಕಿದ. 1975ರ ಜುಲೈ 20ರಂದು ಅದೇ ಹುಡುಕಾಟದಲ್ಲಿ ಅವನ ದೋಣಿ ಮಗುಚಿ ಮಗ, ಸೊಸೆ, ಇನ್ನೊಬ್ಬ ಮುಳುಗುಗಾರ ಮೂವರೂ ಸತ್ತರು. ಸರಿಯಾಗಿ ಹತ್ತು ವರ್ಷಕ್ಕೆ, 1985ರ ಜುಲೈ 20ರಂದೇ, ಹಡಗಿನ ಮುಖ್ಯ ಸರಕು ಸಿಕ್ಕಿತು. ಮೇಲೆ ಬಂದದ್ದರಲ್ಲಿ ನಾಣ್ಯಗಳೂ ಇದ್ದವು, ದೊಡ್ಡ ದೊಡ್ಡ ಬೆಳ್ಳಿ ಗಟ್ಟಿಗಳೂ ಇದ್ದವು. ಆ ನಾಣ್ಯಗಳನ್ನು ಒಂದೊಂದಾಗಿ ಎಣಿಸಿ, ದರ್ಜೆ ಕಟ್ಟಿ, ಸಂಖ್ಯೆ ಹಾಕಿದ ಪತ್ರದೊಂದಿಗೆ ಮಾರುತ್ತಾರೆ. ಪತ್ರದ ಮೇಲೆ ಆ ನಾಣ್ಯದ್ದೇ ಫೋಟೋ, ಅದರದ್ದೇ ತೂಕ ಇರುತ್ತದೆ. ಗಟ್ಟಿಗಳ ಬೆಳ್ಳಿಯನ್ನು ಕರಗಿಸಿ ಹಳೆಯ ನಾಣ್ಯದ ಹಾಗೆ ಹೊಸದಾಗಿ ಮಾಡಿದ್ದು ಬೇರೆಯೇ ಸರಕು. ನಿಮ್ಮದು ಎರಡನೆಯದು. ಬೆಳ್ಳಿ 1622ರಲ್ಲಿ ಮುಳುಗಿದ್ದೇ, ಸಂಶಯವಿಲ್ಲ. ನಾಣ್ಯ ಮಾತ್ರ ಯಾವ ರಾಜನ ಕಾಲದಲ್ಲೂ ಯಾರ ಕೈಯಲ್ಲೂ ಓಡಾಡಿದ್ದಲ್ಲ.

ಪತ್ರ ಇಲ್ಲದಿದ್ದರೂ ಫೋಟೋ ನೋಡಿ ಹೇಳಬಹುದಿತ್ತು. ನಿಜವಾದ ಅಂಕುಡೊಂಕಿನ ನಾಣ್ಯಕ್ಕೆ ಸ್ಪ್ಯಾನಿಷ್‌ನಲ್ಲಿ ಮಕುಕಿನಾ ಎನ್ನುತ್ತಾರೆ, ಇಂಗ್ಲಿಷರು ಕಾಬ್ ಎಂದರು. ಬೆಳ್ಳಿಯನ್ನು ಉದ್ದ ಪಟ್ಟಿಯಾಗಿ ಎರಕ ಹೊಯ್ದು, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ತಕ್ಕಡಿಗೆ ಹಾಕಿ, ತೂಕ ಹೆಚ್ಚಿದ್ದರೆ ಮೂಲೆಯನ್ನು ಕತ್ತರಿಯಲ್ಲಿ ಕಚ್ಚಿ ತೆಗೆದು, ಆಮೇಲೆ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆಕಾರ ಯಾರಿಗೂ ಬೇಕಿರಲಿಲ್ಲ, ತೂಕ ಸರಿ ಇದ್ದರೆ ಸಾಕು. ಹಾಗಾಗಿ ಅಸಲಿ ಕಾಬಿನ ಅಂಚಿನಲ್ಲಿ ಕತ್ತರಿ ಕಚ್ಚಿದ ಚಪ್ಪಟೆ ಮುಖಗಳು ಕಾಣುತ್ತವೆ, ಸುತ್ತಿಗೆಯ ಹೊಡೆತಕ್ಕೆ ಅಂಚಿನಿಂದ ಒಳಗೆ ಓಡಿದ ಬಿರುಕುಗಳು ಕಾಣುತ್ತವೆ, ಶಿಲುಬೆಯ ಒಂದು ತೋಳು ಸ್ಪಷ್ಟವಿದ್ದರೆ ಇನ್ನೊಂದು ಸವೆದಂತಿರುತ್ತದೆ. ಸಮುದ್ರದಲ್ಲಿ ಮುನ್ನೂರು ವರ್ಷ ಇದ್ದದ್ದಾದರೆ ಉಪ್ಪುನೀರು ಬೆಳ್ಳಿಯನ್ನು ತಿಂದಿರುತ್ತದೆ. ರಿಯಾಲ್ ಎಂದರೆ ಆಗಿನ ಸ್ಪೇನಿನ ಹಣ; ಎಂಟು ರಿಯಾಲಿನ ನಾಣ್ಯ ತನ್ನ 27.47 ಗ್ರಾಮಿನಲ್ಲಿ ಎಷ್ಟೋ ಕಳೆದುಕೊಂಡು ಬಂದಿರುತ್ತದೆ. ನಿಮ್ಮ ಪದಕದಲ್ಲಿ ಡೊಂಕು ಇದೆ, ಆದರೆ ಅಂಚೆಲ್ಲ ಬೆಣ್ಣೆ ಸವರಿದ ಹಾಗೆ ನುಣುಪು. ಬಿರುಕಿನ ಜಾಗದಲ್ಲಿ ಬಿರುಕಿನ ಚಿತ್ರವಿದೆ, ಬಿರುಕಿಲ್ಲ. ಡೊಂಕನ್ನೂ ಅಚ್ಚಿನಲ್ಲೇ ಕೆತ್ತಿದ್ದಾರೆ.

ಇನ್ನು ದುಂಡನೆಯದು. ನನ್ನ ಎದೆ ಡವಡವ ಅಂದದ್ದು ಇದನ್ನು ನೋಡಿ.

ರಾಜನ ಮುಖದ ಸುತ್ತ ಲ್ಯಾಟಿನ್‌ನಲ್ಲಿ ‘ದೇವರ ಕೃಪೆಯಿಂದ ಮೂರನೆಯ ಕಾರ್ಲೋಸ್’ ಎಂದಿದೆ, ಕೆಳಗೆ 1783. ಹಿಂದೆ ಕಿರೀಟ ಹೊತ್ತ ಗುರಾಣಿ, ಅದರೊಳಗೆ ಕೋಟೆ ಮತ್ತು ಸಿಂಹ, ಎಡಬಲಕ್ಕೆ ಎರಡು ಕಂಬ, ಸುತ್ತ ‘ಸ್ಪೇನ್ ಮತ್ತು ಇಂಡೀಸ್‌ನ ರಾಜ’ ಎಂಬ ಬರಹ. (ಅವರ ‘ಇಂಡೀಸ್’ ಅಂದರೆ ಅಮೆರಿಕ. ಕೊಲಂಬಸ್ಸನ ತಪ್ಪು ನಾಣ್ಯದ ಮೇಲೂ ಮುನ್ನೂರು ವರ್ಷ ಉಳಿಯಿತು.) ಬರಹದ ಕೊನೆಗೆ ಬನ್ನಿ: ಎಂ ಅಕ್ಷರ, ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಸೊನ್ನೆ. ಅದು ಮೆಕ್ಸಿಕೋ ನಗರದ ಟಂಕಸಾಲೆಯ ಗುರುತು. ಪಕ್ಕದಲ್ಲಿ 8 ಮತ್ತು ಆರ್, ಅಂದರೆ ಎಂಟು ರಿಯಾಲ್. ಆಮೇಲೆ ಎರಡು ಎಫ್, ಬೆಳ್ಳಿಯ ಶುದ್ಧತೆಗೆ ಜವಾಬ್ದಾರರಾದ ಇಬ್ಬರು ಪರೀಕ್ಷಕರ ಹೆಸರಿನ ಮೊದಲಕ್ಷರಗಳು. 1783, ಮೆಕ್ಸಿಕೋ, ಎರಡು ಎಫ್: ಈ ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ಖೋಟಾ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ. ಒಂದು ನಾಣ್ಯದ ಮುಖ, ಇನ್ನೊಂದರ ಇಸವಿ, ಮತ್ತೊಂದರ ಪರೀಕ್ಷಕರನ್ನು ತಂದು ಅಂಟಿಸಿರುತ್ತಾರೆ.

ನೀವೇ ತೂಗಿ ನೋಡಿದ್ದಕ್ಕೆ ಶಹಬ್ಬಾಸ್. 1772ರಿಂದ ಈ ಮುಖದ ನಾಣ್ಯಗಳು ಬಂದವು; ಹೊಸತಿದ್ದಾಗ ತೂಕ 27.07 ಗ್ರಾಂ, ಅದರಲ್ಲಿ ಶೇಕಡ 90ಕ್ಕಿಂತ ತುಸು ಹೆಚ್ಚು ಬೆಳ್ಳಿ, ಮಿಕ್ಕಿದ್ದು ತಾಮ್ರ. ಕೈಯಿಂದ ಕೈಗೆ ಓಡಾಡಿ ಕಾಲು ಗ್ರಾಂ ಸವೆದು 26.8ಕ್ಕೆ ನಿಂತಿರುವುದು ಸಹಜ. ಆದರೆ ತೂಕವೊಂದನ್ನೇ ನಂಬುವ ಹಾಗಿಲ್ಲ, ಬೇರೆ ಲೋಹವನ್ನು ತುಸು ದಪ್ಪ ಮಾಡಿದರೆ ತೂಕ ಸರಿಹೋಗುತ್ತದೆ. ಅದೇ ತಕ್ಕಡಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ಹೊಲಿಗೆ ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದುಕೊಂಡಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಆ ಅಂಕಿಯಿಂದ 26.8ನ್ನು ಭಾಗಿಸಿ. ಈ ಮಟ್ಟದ ಬೆಳ್ಳಿಯಾದರೆ ಉತ್ತರ 10.3ರ ಆಸುಪಾಸು ಬರಬೇಕು, ಅಂದರೆ ತಕ್ಕಡಿ 2.6 ತೋರಿಸಬೇಕು. 3.1 ತೋರಿಸಿದರೆ ಅದು ಹಿತ್ತಾಳೆಯ ಕಡೆಯ ಲೋಹ, 3.6 ದಾಟಿದರೆ ತವರ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ನಾಣ್ಯಕ್ಕೆ ಗುಳ್ಳೆ ಅಂಟುವುದಿಲ್ಲ. ಒರೆಗಲ್ಲಿಗೆ ಮಾತ್ರ ಉಜ್ಜಬೇಡಿ, ಅದು ಒಡವೆಗೆ ಮಾಡುವ ಪರೀಕ್ಷೆ.

ಮೂರನೆಯ ಸಾಕ್ಷಿ ಅಂಚು. ನೀವು ಅಂಚಿನ ಫೋಟೋ ಕಳಿಸಿಲ್ಲ. ಈ ನಾಣ್ಯದ ಅಂಚಿನ ಮೇಲೆ ಒಂದು ಸೊನ್ನೆ, ಒಂದು ಆಯತ, ಮತ್ತೆ ಸೊನ್ನೆ, ಮತ್ತೆ ಆಯತ ಹೀಗೆ ಸುತ್ತಲೂ ಒಂದು ಸರ ಇರುತ್ತದೆ. ಬೆಳ್ಳಿ ಕತ್ತರಿಸಿಕೊಂಡು ಕದಿಯುವವರನ್ನು ತಡೆಯಲು ಮಾಡಿದ ಉಪಾಯ ಅದು. ಕತ್ತರಿಸಿದರೆ ಸರ ತುಂಡಾಗಿ ಕಳ್ಳತನ ಕಂಡುಬಿಡುತ್ತದೆ. ನಾಣ್ಯವನ್ನು ಎರಡು ಸಮಾನಾಂತರ ಪಟ್ಟಿಗಳ ನಡುವೆ ಉರುಳಿಸಿ ಈ ಗುರುತು ಒತ್ತುತ್ತಿದ್ದರು. ಹಾಗಾಗಿ ಎರಡು ಪಟ್ಟಿಯ ಕೊನೆಗಳು ಕೂಡುವ ಜಾಗ ಅಂಚಿನಲ್ಲಿ ಎದುರುಬದುರು ಎರಡು ಕಡೆ ಇರುತ್ತದೆ, ಅಲ್ಲಿ ಸೊನ್ನೆಯ ಮೇಲೆ ಆಯತ ಹತ್ತಿಕೊಂಡಿರುತ್ತದೆ. ಎರಕ ಹೊಯ್ದ ಖೋಟಾ ನಾಣ್ಯದಲ್ಲಿ ಆ ಕೂಡುಜಾಗ ಮಸುಕಾಗಿರುತ್ತದೆ, ಅಥವಾ ಸುತ್ತ ಒಂದು ಎರಕದ ಗೆರೆಯೇ ಓಡಿರುತ್ತದೆ.

ನಿಮ್ಮಲ್ಲಿ ಅಟೋಚಾ ಕಥೆ ಕೇಳಿದವರು ‘ಇದು ಯಾವ ಹಡಗಿನದು’ ಎಂದು ಕೇಳಿಯೇ ಕೇಳುತ್ತಾರೆ. 1783ರ ಮೆಕ್ಸಿಕೋ ನಾಣ್ಯಕ್ಕೆ ಒಂದು ಪ್ರಸಿದ್ಧ ಹಡಗು ಇರುವುದು ನಿಜ. ಎಲ್ ಕಸಾದೋರ್ ಎಂದು ಅದರ ಹೆಸರು. ಆಗ ಲೂಸಿಯಾನಾ ಸ್ಪೇನಿನ ಕೈಯಲ್ಲಿತ್ತು, ಅಲ್ಲಿನ ಕಾಗದದ ಹಣಕ್ಕೆ ಬೆಲೆಯೇ ಉಳಿದಿರಲಿಲ್ಲ. ಅದನ್ನು ಸರಿಪಡಿಸಲು ಸುಮಾರು 4,50,000 ಪೆಸೊ (ಎಂಟು ರಿಯಾಲಿನ ನಾಣ್ಯದ್ದೇ ಇನ್ನೊಂದು ಹೆಸರು) ಬೆಳ್ಳಿ ಹೊತ್ತು ವೆರಾಕ್ರೂಸ್‌ನಿಂದ ನ್ಯೂ ಆರ್ಲಿಯನ್ಸ್ ಕಡೆ ಹೊರಟ ಹಡಗು 1784ರ ಜನವರಿಯಲ್ಲಿ ಕಾಣೆಯಾಯಿತು. 1993ರಲ್ಲಿ ಮೀನುಗಾರರ ಬಲೆ ಏನಕ್ಕೋ ಸಿಕ್ಕಿಕೊಂಡು, ಎಳೆದರೆ ಬಲೆ ತುಂಬ ನಾಣ್ಯ! ಆ ಮೀನುದೋಣಿಯ ಹೆಸರು ‘ಮಿಸ್ಟೇಕ್’. ಆದರೆ ಸಮುದ್ರದಿಂದ ಬಂದ ನಾಣ್ಯದ ಮೈ ಒಣಗಿದ ಸುಣ್ಣದ ಗೋಡೆಯ ಹಾಗೆ ಮಂಕಾಗಿ, ಚುಕ್ಕೆಚುಕ್ಕೆ ಗುಂಡಿಬಿದ್ದು ಇರುತ್ತದೆ. ನಿಮ್ಮದರ ಕಪ್ಪು ನುಣುಪಾದ ಕಪ್ಪು, ಕೆನ್ನೆಯ ಮೇಲೆ ತೆಳು, ಅಕ್ಷರಗಳ ಸಂದಿಯಲ್ಲಿ ಗಾಢ. ಇದು ನೆಲದ ಮೇಲೆಯೇ, ಯಾರದೋ ಪೆಟ್ಟಿಗೆಯಲ್ಲಿ ವಯಸ್ಸಾದ ನಾಣ್ಯ. ಅಮೆರಿಕದ ಮನೆಯಲ್ಲಿ ಇದು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. 1857ರವರೆಗೆ ಇದು ಅಲ್ಲಿ ಕಾನೂನು ಒಪ್ಪಿದ ಹಣವೇ ಆಗಿತ್ತು. ನಿಮ್ಮ ಪಕ್ಕದ ಮನೆಯ ಮುದುಕರು ಇಪ್ಪತ್ತೈದು ಸೆಂಟಿಗೆ ‘ಟೂ ಬಿಟ್ಸ್’ ಅಂದರೆ, ಅದು ಡಾಲರಿಗೆ ಸಮನಾಗಿ ನಡೆಯುತ್ತಿದ್ದ ಈ ನಾಣ್ಯದ ಎಂಟರಲ್ಲಿ ಎರಡು ಪಾಲು, ಅಂದರೆ ಎರಡು ರಿಯಾಲಿನ ನೆನಪು.

ಇಷ್ಟು ಸಣ್ಣ ವಿಷಯಕ್ಕೆ ತೂಕ, ಶುದ್ಧತೆ ಎಂದು ಏಕೆ ಕೊರೆಯುತ್ತೇನೆಂದರೆ, ಈ ನಾಣ್ಯದ ಜೀವ ಇದ್ದದ್ದೇ ಅದರಲ್ಲಿ. ಈಗಿನ ಬೊಲಿವಿಯಾದಲ್ಲಿ ನಾಲ್ಕು ಸಾವಿರ ಮೀಟರ್ ಎತ್ತರದ ಪೊಟೋಸಿ ಎಂಬ ಊರು, ಮೆಕ್ಸಿಕೋದಂತೆ ರಿಯಾಲ್‌ಗಳನ್ನು ಒತ್ತುತ್ತಿದ್ದ ಇನ್ನೊಂದು ಜಾಗ. ಅಲ್ಲಿನ ಗುಡ್ಡದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ‘ಒಂದು ಪೊಟೋಸಿಯಷ್ಟು ಬೆಲೆ’ ಎಂಬುದು ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಗಾದೆಯಂಥ ಮಾತು. ಆ ಬೆಳ್ಳಿಯನ್ನು ತೋಡಿದವರು ಮಿತಾ ಎಂಬ ಬಿಟ್ಟಿ ಪಾಳಿಗೆ ದೂರದ ಹಳ್ಳಿಗಳಿಂದ ಎಳೆದು ತಂದ ಆಂಡಿಸ್‌ನ ಮೂಲನಿವಾಸಿಗಳು. ಅದಿರಿನಿಂದ ಬೆಳ್ಳಿ ಬಿಡಿಸಲು ಪಾದರಸ ಬೆರೆಸಿ ತುಳಿಯುತ್ತಿದ್ದರು, ಆ ಪಾದರಸ ಪೆರುವಿನ ವಾಂಕವೆಲಿಕಾ ಗಣಿಯಿಂದ ಬರುತ್ತಿತ್ತು. ಟಂಕಸಾಲೆಯೊಳಗೆ ಆಫ್ರಿಕಾದಿಂದ ತಂದ ಗುಲಾಮರೂ ದುಡಿದರು. ಹೀಗೆ ಬಂದ ಬೆಳ್ಳಿಯನ್ನು ಇಡೀ ಪ್ರಪಂಚ ತೂಗದೆ ನಂಬಿ ತೆಗೆದುಕೊಂಡದ್ದು ಅಚ್ಚಿನ ಮೇಲಿನ ಭರವಸೆಯಿಂದ. ಒಮ್ಮೆ ಆ ಭರವಸೆಯೂ ಮುರಿಯಿತು. ಪೊಟೋಸಿಯ ಟಂಕಸಾಲೆಯಲ್ಲಿ ತಾಮ್ರ ಹೆಚ್ಚು ಬೆರೆಸುತ್ತಿರುವುದು 1649ರ ಹೊತ್ತಿಗೆ ಬಯಲಾಗಿ, ಫ್ರಾನ್ಸಿಸ್ಕೊ ಗೋಮೆಸ್ ದೆ ಲಾ ರೋಚಾ ಎಂಬ ಬೆಳ್ಳಿ ವ್ಯಾಪಾರಿಯನ್ನು ಮರುವರ್ಷ ಕತ್ತು ಬಿಗಿದು ಕೊಂದರು. ಆ ಕೆಟ್ಟ ನಾಣ್ಯಗಳ ಬೆಲೆ ಇಳಿಸಿದರು, 1652ರಿಂದ ನಾಣ್ಯದ ಚಿತ್ರವನ್ನೇ ಬದಲಿಸಿ ಎರಡು ಕಂಬ, ಕೆಳಗೆ ಸಮುದ್ರದ ಅಲೆ ಹಾಕಿದರು. ಚೀನಾದ ವ್ಯಾಪಾರಿಗಳಂತೂ ಯಾರ ಮಾತನ್ನೂ ನಂಬದೆ, ತಮ್ಮ ಕೈಗೆ ಬಂದ ನಾಣ್ಯಗಳಿಗೆ ತಮ್ಮದೇ ಪುಟ್ಟ ಮುದ್ರೆ ಒತ್ತುತ್ತಿದ್ದರು. ನಿಮ್ಮ ಫೋಟೋದಲ್ಲಿ ರಾಜನ ಕತ್ತಿನ ಹತ್ತಿರ ಒಂದು ಚಿಕ್ಕ ತಗ್ಗಿದೆ. ಅದು ಬರೀ ಪೆಟ್ಟೋ, ಅಂಥ ಮುದ್ರೆಯೋ ಎಂದು ಭೂತಗನ್ನಡಿ ಹಿಡಿದು ನೋಡಿ. ಮುದ್ರೆಯಾದರೆ ಅದರೊಳಗೆ ಅಕ್ಷರದ ಗೆರೆಗಳಿರುತ್ತವೆ.

‘ಸರಿ ಸ್ವಾಮಿ, ಆದರೆ ಹಳಬರೂ ತೂತು ಕೊರೆದು ಹಾಕಿಕೊಳ್ಳುತ್ತಿದ್ದರಲ್ಲ?’ ಎಂದು ನೀವು ಕೇಳಬಹುದು. ಕೊರೆದರು, ಧಾರಾಳವಾಗಿ ಕೊರೆದರು. ಪೊಟೋಸಿಯಲ್ಲಿ ಹೃದಯದ ಆಕಾರಕ್ಕೆ ಕತ್ತರಿಸಿದ ನಾಣ್ಯಗಳಿವೆ, ಸಿಗುವವುಗಳಲ್ಲಿ ಬಹಳಷ್ಟಕ್ಕೆ ತೂತಿರುತ್ತದೆ. ಹರಕೆಗೋ ಒಡವೆಗೋ ಮಾಡಿಸಿಕೊಂಡವು. ಗ್ವಾಟೆಮಾಲದ ಬೆಟ್ಟಸೀಮೆಯ ಮಾಯಾ ಹೆಣ್ಣುಮಕ್ಕಳ ಚಾಚಾಲ್ ಎಂಬ ಸರವನ್ನು ನೋಡಿದರೆ ನಿಮಗೆ ನಮ್ಮ ಕಾಸಿನ ಸರವೇ ನೆನಪಾದೀತು: ಬೆಳ್ಳಿ ಮಣಿ, ಶಿಲುಬೆ, ನಡುನಡುವೆ ನೇತಾಡುವ ರಿಯಾಲ್‌ಗಳು, ಮದುವೆಗೆ ಹಾಕುವ ಒಡವೆ ಅದು. ದಕ್ಷಿಣ ಚಿಲಿಯ ಮಾಪುಚೆ ಜನ ಇನ್ನೂ ಒಂದು ಹೆಜ್ಜೆ ಮುಂದೆ. ದನ, ಕಂಬಳಿ ಮಾರಿ ಬಂದ ಪೆಸೊಗಳನ್ನು ತಮ್ಮ ಅಕ್ಕಸಾಲಿಗರ ಕೈಗೆ ಕೊಟ್ಟು ಕರಗಿಸಿ, ಬಡಿದು, ಹಣೆಪಟ್ಟಿ ಮತ್ತು ಎದೆಯ ಮೇಲೆ ಇಳಿಬೀಳುವ ದೊಡ್ಡ ಪದಕಗಳನ್ನು ಮಾಡಿಸಿಕೊಂಡರು. ಅಮೆರಿಕದ ನವಾಹೊ ಜನರ ಬೆಳ್ಳಿ ಕೆಲಸಕ್ಕೂ ಪೆಸೊಗಳೇ ಕರಗಿದವು ಎನ್ನುತ್ತಾರೆ, ಅದು ಸರಿ. ಆದರೆ ಅಲ್ಲಿ ಕರಗಿದ್ದು ಹೆಚ್ಚಾಗಿ ಸ್ವತಂತ್ರ ಮೆಕ್ಸಿಕೋದ ಪೆಸೊ. ಹಾವು ಕಚ್ಚಿಕೊಂಡ ಹದ್ದು ಇದ್ದರೆ ಅದು ಸ್ಪೇನ್ ರಾಜನ ಕಾಲದ್ದಲ್ಲ, 1820ರ ದಶಕದಿಂದ ಈಚಿನದು. ಅಂಗಡಿಯವರು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ‘ಕಡಲ್ಗಳ್ಳರ ನಾಣ್ಯ’ ಎಂದು ಮಾರುತ್ತಾರೆ, ಎಚ್ಚರವಿರಲಿ.

ಆದರೆ ಅವರೆಲ್ಲ ಕೊರೆದಾಗ ಅದು ಜೇಬಿನಲ್ಲಿ ಓಡಾಡುವ ಹಣ. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಇನ್ನೂರು ವರ್ಷದ ಹಿಂದಿನ ತೂತಿನ ಅಂಚು ಸವೆದು, ಕಪ್ಪಾಗಿ, ನಾಣ್ಯದ ಕಥೆಯ ಭಾಗವೇ ಆಗಿರುತ್ತದೆ. ನಿಮ್ಮ ಅಕ್ಕಸಾಲಿಯ ಡ್ರಿಲ್ಲು ಮಾಡುವ ತೂತು ಬೆಳ್ಳಗೆ ಹೊಳೆಯುವ ಗಾಯ. ಹಾಗೆ ಕೊರೆದ ದಿನವೇ ಸಂಗ್ರಾಹಕರ ಲೆಕ್ಕದಲ್ಲಿ ಅದರ ಬೆಲೆಯ ಬಹುಪಾಲು ಹೋಯಿತು, ಉಳಿಯುವುದು ಹೆಚ್ಚುಕಡಿಮೆ ಬೆಳ್ಳಿಯ ಬೆಲೆ.

ಈ ಮಾತನ್ನೇ ಬುಡಮೇಲು ಮಾಡಿದರೆ ನಿಮಗೊಂದು ಲಾಭದ ದಾರಿ ಕಾಣುತ್ತದೆ. ಆಗಲೇ ತೂತಿರುವ, ಹಳೆಯ ಕೊಂಡಿಯ ಬೆಸುಗೆ ಗುರುತಿರುವ ನಾಣ್ಯಗಳನ್ನು ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ. ಹರಾಜುಗಳಲ್ಲಿ ಅಂಥವು ಅಗ್ಗಕ್ಕೆ ಹೋಗುತ್ತವೆ. ಕಾಸಿನ ಸರದ ಆಸೆಗೆ ಅವನ್ನು ಕೊಳ್ಳಿ. ಅದರಲ್ಲೂ ಚಿಕ್ಕವನ್ನು. ಎಂಟು ರಿಯಾಲಿನದು ಒಂದೇ 27 ಗ್ರಾಂ, ಅಗಲ ನಾಲ್ಕು ಸೆಂಟಿಮೀಟರಿಗೆ ತುಸು ಕಡಿಮೆ. ಹತ್ತು ಪೋಣಿಸಿದರೆ ಕತ್ತಿಗೆ ಕಾಲು ಕಿಲೊ ಭಾರ. ಒಂದು ರಿಯಾಲ್ 3.4 ಗ್ರಾಂ, ಅರ್ಧ ರಿಯಾಲ್ 1.7 ಗ್ರಾಂ. ಸರಕ್ಕೆ ಹೇಳಿ ಮಾಡಿಸಿದ ಅಳತೆ. ನಡುವೆ ನಿಮ್ಮ ಯಜಮಾನರು ಕೊಟ್ಟ ಪದಕ ಇಳಿಬಿಡಿ.

ನಮ್ಮ ಕಡೆಯ ಅಜ್ಜಿಯರ ಪೆಟ್ಟಿಗೆಯಲ್ಲಿ ಈ ನಾಣ್ಯ ಏಕೆ ಸಿಗುವುದಿಲ್ಲ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಬಂದಿಲ್ಲವೆಂದಲ್ಲ. ಗೋವೆಯ ಪೋರ್ಚುಗೀಸರು ಹೊನ್ನಾವರದ ಮೆಣಸು, ಬಸರೂರಿನ ಅಕ್ಕಿ ಕೊಳ್ಳುತ್ತಿದ್ದ ಕಾಲದಲ್ಲಿ ಪಶ್ಚಿಮ ಕರಾವಳಿಗೆ ಬಂದ ವಿದೇಶಿ ಬೆಳ್ಳಿಯಲ್ಲಿ ಅಮೆರಿಕದ ಬೆಳ್ಳಿಯ ಪಾಲು ದೊಡ್ಡದು. ಇಂಗ್ಲಿಷ್, ಡಚ್ ಕಂಪನಿಗಳು ಪೆಟ್ಟಿಗೆಗಟ್ಟಲೆ ರಿಯಾಲ್‌ಗಳನ್ನು ಸೂರತ್ತಿಗೆ ತಂದವು. ಆದರೆ ಮೊಗಲರ ಸೀಮೆಯಲ್ಲಿ ಪರದೇಶದ ನಾಣ್ಯ ಟಂಕಸಾಲೆಗೆ ಹೋಗಿ ರೂಪಾಯಿಯಾಗಿ ಹೊರಬರುತ್ತಿತ್ತು. ಪೊಟೋಸಿಯ ಬೆಳ್ಳಿ ಇಲ್ಲಿಗೆ ಬಂದು ಹೆಸರು ಬದಲಿಸಿಕೊಂಡಿತು, ಅಷ್ಟೆ. ಚಿನ್ನದ ಕಥೆ ಬೇರೆ. ವೆನಿಸ್ಸಿನ ಚಿನ್ನದ ನಾಣ್ಯಗಳು ಮತ್ತು ಅವುಗಳ ನಕಲುಗಳು ಕೊಂಡಿ ಹಾಕಿಸಿಕೊಂಡು ನಮ್ಮ ಹೆಂಗಸರ ಸರಗಳನ್ನು ಸೇರಿದವು. ಆ ಚಿನ್ನ ಒಡವೆಯಾಯಿತು, ಬೆಳ್ಳಿ ಹಣವಾಯಿತು. ಹಾಗಾಗಿ ಬೆಳ್ಳಿ ಕರಗಿತು.

ಇನ್ನು ದುಂಡನೆಯದನ್ನು ಹಾಕಿಕೊಳ್ಳಲೇಬೇಕು ಎಂದರೆ ಹೇಗೆ? ಕಟ್ಟು ಹಾಕಿಸಿ, ಆದರೆ ನಾಣ್ಯಕ್ಕೆ ಬಿಸಿ ತಾಗಬಾರದು. ಅಕ್ಕಸಾಲಿಗೆ ನಾಣ್ಯ ಕೊಟ್ಟು ಬರಬೇಡಿ. ಅಳತೆ ಮಾತ್ರ ಕೊಡಿ: ಅಗಲ, ದಪ್ಪ, ಮೂರು ನಾಲ್ಕು ಕಡೆ ತೆಗೆದದ್ದು, ಏಕೆಂದರೆ ಈ ನಾಣ್ಯಗಳು ಪೂರಾ ದುಂಡಗಿರುವುದಿಲ್ಲ. ಬಳೆಯಂಥ ಕಟ್ಟು, ಮೇಲಿನ ಕೊಂಡಿ, ಬೆಸುಗೆ, ಪಾಲಿಶ್ ಎಲ್ಲ ಮುಗಿದು ತಣ್ಣಗಾದ ಮೇಲೆ ನಿಮ್ಮ ಕಣ್ಣೆದುರೇ ನಾಣ್ಯವನ್ನು ಕೂರಿಸಲಿ. ಮೇಲ್ಗಡೆ ಪುಟ್ಟ ತಿರುಪು ಇರುವ ಕಟ್ಟು ಎಲ್ಲಕ್ಕಿಂತ ಒಳ್ಳೆಯದು, ತಿರುಪು ಸಡಿಲಿಸಿದರೆ ನಾಣ್ಯ ಇಡಿಯಾಗಿ ಹೊರಗೆ ಬರುತ್ತದೆ. ಅಂಚನ್ನು ಬಡಿದು ಮಡಿಸಿ ಕೂರಿಸುವ ಕಟ್ಟು ಬೇಡ, ಬಡಿಯುವಾಗ ನಾಣ್ಯದ ಅಂಚಿನ ಸೊನ್ನೆ ಆಯತಗಳು ಜಜ್ಜಿಹೋಗುತ್ತವೆ. ನಮ್ಮವರಿಗೆ 22 ಕ್ಯಾರಟ್ ಬಿಟ್ಟರೆ ಚಿನ್ನವೇ ಅಲ್ಲ, ಆದರೆ ಈ ಕೆಲಸಕ್ಕೆ ಅದು ತೀರ ಮೆತ್ತಗೆ. ಇಪ್ಪತ್ತೇಳು ಗ್ರಾಮಿನ ತೂಕ ದಿನವೂ ಜೋತುಬಿದ್ದರೆ ಬಾಗುತ್ತದೆ. 18 ಅಥವಾ 14 ಕ್ಯಾರಟ್ ಮಾಡಿಸಿ, ಇಲ್ಲವೇ ಬೆಳ್ಳಿಯಲ್ಲೇ ಮಾಡಿಸಿ. ನನ್ನ ಕಣ್ಣಿಗೆ ಬೆಳ್ಳಿಯೇ ಚೆಂದ.

ಹತ್ತು ನಿಮಿಷದಲ್ಲಿ ಕೊಂಡಿ ಹಾಕಿಕೊಡುತ್ತೇನೆ ಎನ್ನುವವರ ಬಗ್ಗೆ ನನಗೆ ಇಷ್ಟು ಭಯ ಇರುವುದಕ್ಕೆ ಕಾರಣವಿದೆ. ಇಪ್ಪತ್ತರ ಹರೆಯದಲ್ಲಿ ಎರಡು ಭೂಗೋಳ, ಎರಡು ಕಂಬ ಇರುವ ಒಂದು ನಾಣ್ಯ, ಎರಡು ರಿಯಾಲಿನದು, ನನ್ನ ಕೈಗೆ ಬಂದಿತ್ತು. 1732ರಲ್ಲಿ ಮೆಕ್ಸಿಕೋದಲ್ಲಿ ಯಂತ್ರದಿಂದ ಒತ್ತಲು ಶುರುಮಾಡಿದ ಮಾದರಿ ಅದು. ಅರಬರು ಆ ಕಂಬಗಳನ್ನು ತೋಪುಗಳೆಂದು ಬಗೆದು ‘ಫಿರಂಗಿಯಪ್ಪ’ ಎಂದು ಹೆಸರಿಟ್ಟಿದ್ದರು. ತಂಗಿಯ ಮದುವೆಗೆ ಪದಕ ಮಾಡಿಸಿ ಕೊಡೋಣವೆಂದು ನಾನೇ ಮುಂದೆ ನಿಂತು ಕೊಂಡಿ ಬೆಸೆಸಿದೆ. ಊದುಗೊಳವೆಯ ಉರಿ ತಾಗಿದ ಕಡೆ ಬೆಳ್ಳಿ ಕೆಂಪಾಗಿ, ಆರಿದ ಮೇಲೆ ತಾಮ್ರ ಮೇಲೆದ್ದು ಮಸಿ ಬಣ್ಣದ ಮಚ್ಚೆಯಾಯಿತು. ಮಚ್ಚೆ ತೆಗೆಯಲು ಆಮ್ಲಕ್ಕೆ ಹಾಕಿದರು, ಬೆಳ್ಳಗಾಯಿತು. ಬೆಳ್ಳಗಾದದ್ದನ್ನು ಹೊಳೆಸಲು ಬಫ್ ಹಿಡಿದರು. ಸಂಜೆಗೆ ನನ್ನ ಕೈಗೆ ಬಂದದ್ದು ಗುಂಡಿಯ ಹಾಗೆ ಹೊಳೆಯುವ ಒಂದು ಬಿಲ್ಲೆ, ಇಸವಿಯ ಕೊನೆಯ ಅಂಕಿಯೇ ಮಾಯ. ಅಕ್ಕಸಾಲಿಯ ತಪ್ಪಲ್ಲ, ಅವರು ಒಡವೆಗೆ ಏನು ಮಾಡಬೇಕೋ ಅದನ್ನೇ ಮಾಡಿದರು. ತಂಗಿ ಈಗಲೂ ಹಾಕಿಕೊಳ್ಳುತ್ತಾಳೆ. ನೋಡಿದಾಗಲೆಲ್ಲ ನಾನು ಬೇರೆ ಕಡೆ ತಿರುಗುತ್ತೇನೆ.

ಅತ್ತೆಯವರ ಮಾತಿಗೆ ಬರೋಣ. ವಿಭೂತಿ, ಹುಣಸೆಹಣ್ಣು ಹಾಕಿ ಉಜ್ಜುವುದು ದೀಪಕ್ಕೆ, ಪಂಚಪಾತ್ರೆಗೆ ಸರಿಯೇ. ಅವು ಉಜ್ಜಿಸಿಕೊಳ್ಳಲೆಂದೇ ಮಾಡಿದ ವಸ್ತುಗಳು, ಪ್ರತಿ ಹಬ್ಬಕ್ಕೂ ಒಂದು ಪದರ ಹೋದರೂ ದಪ್ಪವಿರುತ್ತವೆ. ನಾಣ್ಯದ ಮೇಲಿನ ಕೂದಲೆಳೆ, ಮೂಗಿನ ತುದಿ, ಅಕ್ಷರದ ಕೋನ ಕಾಗದಕ್ಕಿಂತ ತೆಳು. ಆ ಕಪ್ಪು ಕೊಳೆಯೂ ಅಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಕೂಡಿ ಆದ ಪೊರೆ, ಅದರಲ್ಲಿ ಬಹುಪಾಲು ಬೆಳ್ಳಿಯೇ ಇದೆ. ಉಜ್ಜಿ ತೆಗೆದರೆ ಬೆಳ್ಳಿಯನ್ನೇ ಉಜ್ಜಿ ತೆಗೆದಂತೆ. ಅದ್ದಿದ ಕೂಡಲೇ ಹೊಳೆಯುವ ದ್ರಾವಣ, ಟೂತ್‌ಪೇಸ್ಟ್, ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾ ಇವೂ ಬೇಡ. ಜಿಡ್ಡಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ತುಸು ಸೋಪು ಹಾಕಿ ಅದ್ದಿ, ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಆರಿಸಿ. ತಿಕ್ಕಬೇಡಿ, ಒತ್ತಿ. ಅವರಿಗೆ ಸಮಾಧಾನವಾಗಲೆಂದು ಚಿನ್ನದ ಕಟ್ಟಿನ ಪದಕವನ್ನು ಕೊಡಿ. ಅದನ್ನು ಬೆಳ್ಳಿ ಒರೆಸುವ ಬಟ್ಟೆಯಲ್ಲಿ ಎಷ್ಟು ಬೇಕಾದರೂ ಹೊಳೆಸಲಿ.

ಹಾಕಿಕೊಳ್ಳುವುದಾದರೆ ಸೆಂಟು ಹೊಡೆದುಕೊಂಡ ಮೇಲೆ ಕೊನೆಗೆ ಹಾಕಿ, ಮನೆಗೆ ಬಂದ ಕೂಡಲೇ ತೆಗೆದು ಬೆವರು ಒರೆಸಿ. ಈಜುಕೊಳಕ್ಕೆ ಖಂಡಿತ ಬೇಡ. ತೆಗೆದಿಡಲು ಮೆತ್ತನೆಯ ಪಿವಿಸಿ ಚೀಲ ಬಳಸಬೇಡಿ, ಅದು ಕಾಲಕ್ರಮೇಣ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ರಬ್ಬರು, ಉಣ್ಣೆಯ ಹತ್ತಿರವೂ ಬೇಡ, ಎರಡರಲ್ಲೂ ಗಂಧಕವಿದೆ.

ಕೊನೆಯದಾಗಿ ಪ್ರಯಾಣ. ದುಂಡನೆಯ ನಾಣ್ಯವನ್ನು ಬೆಂಗಳೂರಿಗೆ ತರಬೇಡಿ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ತರುವಾಗ ಯಾರೂ ಕೇಳದಿರಬಹುದು. ವಾಪಸು ಹೋಗುವಾಗ ವಿಮಾನ ನಿಲ್ದಾಣದಲ್ಲಿ 1783 ಎಂಬ ಇಸವಿಯನ್ನು ಅಧಿಕಾರಿ ಓದಿದರೆ, ಇದು ಅಮೆರಿಕದಲ್ಲೇ ಕೊಂಡದ್ದೆಂದು ನೀವು ಆ ಗಡಿಬಿಡಿಯಲ್ಲಿ ಸಾಬೀತು ಮಾಡಬೇಕಾಗುತ್ತದೆ. ಅಜ್ಜಿಯ ಮನೆಯ ಮಾರಾಟದಲ್ಲಿ ನಿಮಗೆ ರಸೀದಿ ಕೊಟ್ಟಿರಲಾರರು. ಅಳತೆ ಬರೆದುಕೊಂಡು ಬನ್ನಿ, ಕಟ್ಟನ್ನು ಮಾತ್ರ ಇಲ್ಲಿ ಮಾಡಿಸಿಕೊಂಡು ಹೋಗಿ, ನಾಣ್ಯವನ್ನು ಅಲ್ಲೇ ಕೂರಿಸಿಕೊಳ್ಳಿ. ಚಿನ್ನದ ಕಟ್ಟಿನ ಪದಕ ತರಬಹುದು, ಅದರ ಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ‘ಬೆಳ್ಳಿಯಲ್ಲಿ ಅಚ್ಚು ಹಾಕಿದ್ದು’ ಎಂಬ ಸಾಲು ಈ ಒಂದು ಕಡೆ ನಿಮ್ಮ ಉಪಕಾರಕ್ಕೆ ಬರುತ್ತದೆ.

ಹೊರಡುವ ಮೊದಲು ನೀರಿನ ಪರೀಕ್ಷೆಯ ಅಂಕಿ ಮತ್ತು ಅಂಚಿನ ಫೋಟೋ ಕಳಿಸಿ. ನಾಣ್ಯವನ್ನು ಎರಡು ಪುಸ್ತಕಗಳ ನಡುವೆ ನಿಲ್ಲಿಸಿ, ದೀಪವನ್ನು ಪಕ್ಕದಿಂದ ತಗ್ಗಿನಲ್ಲಿ ಹಿಡಿದು, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಏಳೆಂಟು ಚಿತ್ರ ತೆಗೆದರೆ ಸಾಕು. ಸರ ಕೂಡುವ ಆ ಎರಡು ಜಾಗ ನನಗೆ ಕಾಣಬೇಕು.